ಕೊನೆಯ ಎರಡು ನಿಮಿಷದ ಹುಡುಗನಿಗೆ

ತಮ್ಮಾ,

ಮ್ಯಾಚು ಮುಗಿಯಲು ಎರಡು ನಿಮಿಷ ಇರುತ್ತದೆ. ನಿಮ್ಮ ಕಾಲೇಜು ಇಪ್ಪತ್ತು ಪಾಯಿಂಟ್ ಮುಂದಿರುತ್ತದೆ. ಆಗ ಗ್ಯಾಲರಿಯ ಹುಡುಗರೆಲ್ಲ ಸೇರಿ ‘ಅಣ್ಣಾ ಪಾಹಿಜೆ, ಅಣ್ಣಾ ಪಾಹಿಜೆ’ (ಅಣ್ಣಾ ಬೇಕು) ಎಂದು ಕೂಗಲು ಶುರು ಮಾಡುತ್ತಾರೆ. ಕಲಬುರಗಿಯಿಂದ ಛತ್ರಪತಿ ಸಂಭಾಜಿನಗರಕ್ಕೆ ಓದಲು ಹೋದ ನೀನು ಅಲ್ಲಿನವರ ಬಾಯಲ್ಲಿ ಅಣ್ಣಾ ಆಗಿದ್ದೀಯ. ದಕ್ಷಿಣದ ಕಡೆಯವರನ್ನೆಲ್ಲ ಆ ಕಡೆ ಹಾಗೇ ಕರೆಯುವುದು. ನೀನು ಕೋರ್ಟಿಗೆ ಇಳಿದರೆ ಚಪ್ಪಾಳೆ, ಚೆಂಡು ಮುಟ್ಟಿದರೆ ಶಿಳ್ಳೆ, ಬಾಸ್ಕೆಟ್ ಬಿದ್ದರೆ ಕುಣಿತ. ಮ್ಯಾಚು ಗೆದ್ದುಕೊಟ್ಟ ಕ್ಯಾಪ್ಟನ್‌ಗೂ ಅಷ್ಟು ಗದ್ದಲ ಇಲ್ಲ. ಹಾಸ್ಟೆಲ್ಲಿಗೆ ಬಂದು ಮಲಗಿದ ಮೇಲೆ ಮಾತ್ರ ನಿನಗೆ ಅನುಮಾನ: ಇವರು ಪ್ರೀತಿಗೆ ಕೂಗುತ್ತಾರೋ, ಗೇಲಿಗೋ?

ಕಾಲೇಜಿನಲ್ಲಿ ಪಿ.ಡಿ. ಆಗಿ ವರ್ಷಗಟ್ಟಲೆ ಹುಡುಗರನ್ನು ಆಡಿಸಿದವನಾಗಿ ಹೇಳುತ್ತೇನೆ: ಎರಡೂ ಬೆರೆತಿರುತ್ತದೆ. ನೂರು ಜನ ಕೂಗುವಾಗ ಅರವತ್ತು ಜನರಿಗೆ ನೀನು ಒಂದು ಬಾಸ್ಕೆಟ್ ಹಾಕಿದರೆ ನಿಜವಾಗಿ ಸಂತೋಷ. ಇನ್ನು ಕೆಲವರಿಗೆ ನೀನು ಎಡವಿದರೂ ಅಷ್ಟೇ ಸಂತೋಷ. ಉಳಿದವರು ಪಕ್ಕದವನು ಕೂಗಿದನೆಂದು ಕೂಗುತ್ತಾರೆ. ಇದನ್ನು ಬಿಡಿಸಿ ನೋಡುತ್ತ ಕೂತರೆ ನಿನ್ನ ನಿದ್ದೆ ಹಾಳು, ಅಷ್ಟೆ. ಅವರ ಮನಸ್ಸು ನಿನ್ನ ಕೈಯಲ್ಲಿಲ್ಲ. ಆದರೆ ಒಂದು ವಿಷಯ ಗಮನಿಸು: ಅವರು ಕೂಗುವುದು ಯಾವಾಗ? ಮ್ಯಾಚು ತೀರ್ಮಾನವಾದ ಮೇಲೆ.

2017ರ ಜುಲೈನಲ್ಲಿ ಬೆಂಗಳೂರಿನ ಶ್ರೀ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಮಹಿಳಾ ಏಷ್ಯಾ ಕಪ್ ನಡೆಯಿತಲ್ಲ, ಬಿ ವಿಭಾಗದ ಫೈನಲ್‌ನಲ್ಲಿ ನಮ್ಮ ಹುಡುಗಿಯರು ಕಜಕಸ್ತಾನವನ್ನು 75–73ರಲ್ಲಿ ಸೋಲಿಸಿ ಎ ವಿಭಾಗಕ್ಕೆ ಏರಿದರು. ಎರಡೇ ಪಾಯಿಂಟಿನ ಅಂತರ. ಅಂಥ ಮ್ಯಾಚಿನಲ್ಲಿ ಪ್ರೇಕ್ಷಕರಲ್ಲಿ ಯಾರೂ ಹನ್ನೆರಡನೆಯವಳನ್ನು ಇಳಿಸಿ ಎಂದು ಕೇಳುವುದಿಲ್ಲ. ಇದರಲ್ಲಿ ಬೇಸರ ಪಡುವಂಥದ್ದೇನೂ ಇಲ್ಲ. ಗ್ಯಾಲರಿ ನಿನ್ನನ್ನು ಕರೆಯುವುದು ಗೆದ್ದ ಖುಷಿಯಲ್ಲಿ. ಕೋಚ್ ಕರೆಯುವುದು ಅಗತ್ಯ ಬಿದ್ದಾಗ. ಈ ಎರಡು ಕರೆಗಳನ್ನು ಒಂದೇ ಎಂದು ತಿಳಿಯದಿದ್ದರೆ ನಿನಗೆ ಅರ್ಧ ನೆಮ್ಮದಿ ಸಿಕ್ಕ ಹಾಗೆ.

ಜನರಿಗೆ ಬೆಂಚಿನ ಹುಡುಗನ ಮೇಲೆ ಯಾಕಿಷ್ಟು ಮಮತೆ ಎಂದು ನೀನು ಕೇಳಿದೆ. ಈ ಆಟ ಹುಟ್ಟಿದ್ದು ಹೇಗೆಂದು ನೆನಪು ಮಾಡಿಕೋ. 1891ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಮೇಷ್ಟ್ರು, ಚಳಿಗೆ ಹೊರಗೆ ಹೋಗಲಾಗದೆ ಒಳಗೇ ಚಡಪಡಿಸುತ್ತಿದ್ದ ತನ್ನ ತರಗತಿಗೆ ಒಂದು ಆಟ ಕಟ್ಟಿಕೊಟ್ಟ. ಪೀಚ್ ಹಣ್ಣಿನ ಎರಡು ಬುಟ್ಟಿ, ಒಂದು ಚೆಂಡು, 13 ನಿಯಮ. ತರಗತಿಯಲ್ಲಿ 18 ಜನ ಇದ್ದರು; ಒಂಬತ್ತೊಂಬತ್ತು ಮಾಡಿ ಆಡಿಸಿದ. ಬೆಂಚಿನ ಮೇಲೆ ಒಬ್ಬನೂ ಇರಲಿಲ್ಲ. ಎಲ್ಲರೂ ಆಡಲಿ ಎಂದೇ ಹುಟ್ಟಿದ ಆಟದಲ್ಲಿ ಆಮೇಲೆ ಐದೈದು ಜನ ಎಂದು ಗೊತ್ತಾಯಿತು, ಉಳಿದವರು ಬದಿಗೆ ಕೂತರು. ಗ್ಯಾಲರಿಯಲ್ಲಿ ಇರುವವರೂ ಬದಿಗೆ ಕೂತವರೇ. ಅವರಲ್ಲಿ ಎಷ್ಟು ಜನ ಶಾಲೆಯ ಟೀಮಿನಲ್ಲಿ ಎಕ್ಸ್‌ಟ್ರಾ ಆಗಿದ್ದರೋ, ಸೆಲೆಕ್ಷನ್ ಪಟ್ಟಿಯಲ್ಲಿ ತಮ್ಮ ಹೆಸರು ಹುಡುಕಿ ಸುಮ್ಮನೆ ಮನೆಗೆ ಹೋಗಿದ್ದರೋ! ನೀನು ಜಾಕೆಟ್ ಕಳಚಿ ಎದ್ದಾಗ ಅವರಿಗೆ ತಾವೇ ಎದ್ದ ಹಾಗೆ ಆಗುತ್ತದೆ. ಆ ಕೂಗನ್ನು ಹಗುರವಾಗಿ ಕಾಣಬೇಡ. ಕೈ ಎತ್ತಿ ನಗು. ಅಷ್ಟು ಸಾಕು.

ಈ ಮಮತೆ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್ ನೋಡಬೇಕು. ನ್ಯೂಜೆರ್ಸಿಯ ಮಾನ್ಮತ್ ವಿಶ್ವವಿದ್ಯಾಲಯದ ತಂಡ 2015–16ರ ಋತುವಿನಲ್ಲಿ ದೇಶಕ್ಕೆಲ್ಲ ಪರಿಚಯವಾದದ್ದು ಬೆಂಚಿನ ಹುಡುಗರಿಂದ. ತಮ್ಮವನು ಬಾಸ್ಕೆಟ್ ಹಾಕಿದ ಕೂಡಲೇ ಇವರು ಎದ್ದು ಮೊದಲೇ ಅಭ್ಯಾಸ ಮಾಡಿಕೊಂಡ ಅಭಿನಯ ತೋರಿಸುತ್ತಿದ್ದರು: ಒಬ್ಬ ಮೀನು, ಇನ್ನೊಬ್ಬ ಗಾಳ ಹಾಕುವವನು, ಮತ್ತೊಮ್ಮೆ ಮೈಕೆಲೇಂಜೆಲೊನ ಚಿತ್ರದಂತೆ ಬೆರಳಿಗೆ ಬೆರಳು ಚಾಚಿ ನಿಶ್ಚಲ. ಟಿ.ವಿ. ಕ್ಯಾಮೆರಾ ಕೋರ್ಟ್ ಬಿಟ್ಟು ಬೆಂಚಿನತ್ತ ತಿರುಗುತ್ತಿತ್ತು. ಆದರೆ ತಂಡವೂ ಒಳ್ಳೆಯದಿತ್ತು ಎನ್ನುವುದನ್ನು ಮರೆಯಬೇಡ. ಆ ವರ್ಷ ಅವರು ಯುಸಿಎಲ್‌ಎಯನ್ನು ಅದರದೇ ಅಂಗಳದಲ್ಲಿ ಸೋಲಿಸಿದರು, ನಾಟ್ರ್ ಡೇಮ್ ಅನ್ನೂ ಸೋಲಿಸಿದರು, ರಾಷ್ಟ್ರೀಯ ಟೂರ್ನಿಯ ಆಯ್ಕೆಯ ಹೊತ್ತಿಗೆ 27 ಪಂದ್ಯ ಗೆದ್ದಿದ್ದರು. ಹಾಗಿದ್ದೂ ತಮ್ಮ ಗುಂಪಿನ ಫೈನಲ್ ಸೋತದ್ದರಿಂದ 2016ರ ಮಾರ್ಚ್‌ನಲ್ಲಿ ರಾಷ್ಟ್ರೀಯ ಟೂರ್ನಿಗೆ ಆಯ್ಕೆಯಾದ ತಂಡಗಳಲ್ಲಿ ಅವರ ಹೆಸರು ಬರಲಿಲ್ಲ. ದೇಶವೆಲ್ಲ ಅವರ ಬೆಂಚನ್ನು ಇಷ್ಟಪಟ್ಟಿತ್ತು. ಆಯ್ಕೆ ಸಮಿತಿ ಬೆಂಚನ್ನು ನೋಡಿ ಆಯ್ಕೆ ಮಾಡುವುದಿಲ್ಲ.

ಓಹಾಯೋ ಸ್ಟೇಟ್‌ನ ಮಾರ್ಕ್ ಟೈಟಸ್ ನಿನಗೆ ಇನ್ನೂ ಹತ್ತಿರದವನು. 2006ರಿಂದ 2010ರವರೆಗೆ ಆ ದೊಡ್ಡ ತಂಡದಲ್ಲಿದ್ದ, ವಿದ್ಯಾರ್ಥಿವೇತನವಿಲ್ಲದೆ ಸೇರಿದ ಹುಡುಗ. ಅವನಿದ್ದ ಮೊದಲ ವರ್ಷವೇ ತಂಡ ರಾಷ್ಟ್ರೀಯ ಫೈನಲ್ ಆಡಿತು, ಅವನು ಬೆಂಚಿನಲ್ಲಿದ್ದ. ಕೊನೆಯ ಒಂದು ನಿಮಿಷ ಆಡಿ ಬಂದರೆ ಮರುದಿನದ ಅಂಕಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ನಿಮಿಷ 1. ಆಮೇಲೆ ಶಾಟ್, ರಿಬೌಂಡ್, ಪಾಸ್, ಫೌಲ್, ಪಾಯಿಂಟ್ ಎಲ್ಲ ಸಾಲಾಗಿ ಸೊನ್ನೆ. ಒಂದರ ಮುಂದೆ ಹನ್ನೆರಡು ಸೊನ್ನೆ. ಅದಕ್ಕೆ ಅವನು ಟ್ರಿಲಿಯನ್ ಎಂದು ಹೆಸರಿಟ್ಟ, ಅದರ ಬಗ್ಗೆ ಬರೆದು ಮನೆಮಾತಾದ. ತಾನೆಲ್ಲಿದ್ದೇನೆ ಎಂಬುದನ್ನು ಮುಚ್ಚಿಡದೆ ಹೇಳಿಕೊಂಡದ್ದು ನನಗೆ ಹಿಡಿಸುತ್ತದೆ. ಆದರೆ ನೀನು ಆ ದಾರಿ ಹಿಡಿಯುವ ಮೊದಲು ಒಂದು ಮಾತು: ಅವನು ಸೊನ್ನೆಗಳನ್ನು ಪ್ರೀತಿಸಿದ್ದು, ದಿನಾ ಸಂಜೆ ಆ ತಂಡದ ಅಭ್ಯಾಸಕ್ಕೆ ಹೋಗಿ ಬೆವರು ಸುರಿಸಿದ ಮೇಲೆ. ಅಭ್ಯಾಸ ಬಿಟ್ಟು ಬರೀ ಸೊನ್ನೆ ತೋರಿಸಿದ್ದರೆ ಯಾರು ಕೇಳುತ್ತಿದ್ದರು?

ಈಗ ನಾನು ಹೇಳಬೇಕೆಂದಿರುವ ಮುಖ್ಯ ಮಾತಿಗೆ ಬರುತ್ತೇನೆ. ಬೆಂಚಿನ ಹುಡುಗನ ನಿಜವಾದ ಮ್ಯಾಚು ಅಭ್ಯಾಸದಲ್ಲಿ ನಡೆಯುತ್ತದೆ. ಅಲ್ಲಿ ಗ್ಯಾಲರಿ ಇಲ್ಲ, ಕೂಗು ಇಲ್ಲ. ಮೊದಲ ಐದು ಜನರ ಎದುರು ನಿಲ್ಲುವವರು ನೀವೇ. ಮುಂದಿನ ವಾರ ಎದುರಾಳಿ ಜೋನ್ ಡಿಫೆನ್ಸ್ ಆಡುತ್ತಾರೆಂದರೆ ನಿಮ್ಮಿಂದಲೇ ಅದನ್ನು ಆಡಿಸುತ್ತಾರೆ. ಅವರ ಪಾಯಿಂಟ್ ಗಾರ್ಡ್ ಎಡಗೈಯವನಾದರೆ ನಿಮ್ಮಲ್ಲೊಬ್ಬ ಎರಡು ದಿನ ಎಡಗೈಯಲ್ಲೇ ಡ್ರಿಬಲ್ ಮಾಡಬೇಕು. ನನ್ನ ಹುಡುಗರಲ್ಲಿ ಒಬ್ಬನಿದ್ದ, ಕುಳ್ಳ, ಶಾಟ್ ಸುಮಾರು. ಪ್ರತಿದಿನ ನಮ್ಮ ಕ್ಯಾಪ್ಟನ್‌ನ ಎದೆಗೆ ಎದೆ ಕೊಟ್ಟು ಕಾಯುತ್ತಿದ್ದ, ಕೈ ಮಾತ್ರ ಹಿಂದೆ. ಫೌಲ್ ಆಗಬಾರದಲ್ಲ. ಕ್ಯಾಪ್ಟನ್ ಎಡಕ್ಕೆ ಹೋಗುವ ಮೊದಲು ಬಲಭುಜ ಒಂದಿಷ್ಟು ತಗ್ಗಿಸುತ್ತಾನೆ ಎಂಬುದನ್ನು ಕಂಡುಹಿಡಿದವನು ಅವನೇ. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಸುಮ್ಮನಿರಬಹುದಿತ್ತು. ನೇರವಾಗಿ ಹೋಗಿ ಕ್ಯಾಪ್ಟನ್‌ಗೇ ಹೇಳಿದ. ಆ ವರ್ಷ ಕ್ಯಾಪ್ಟನ್ ಆಡಿದ ಆಟದಲ್ಲಿ ಆ ಕುಳ್ಳನ ಪಾಲಿತ್ತು ಎಂಬುದು ಇಡೀ ಟೀಮಿಗೆ ಗೊತ್ತಿತ್ತು. ಗ್ಯಾಲರಿಗೆ ಗೊತ್ತಿರಲಿಲ್ಲ. ನಿನ್ನ ಬೆಲೆ ತಿಳಿದವರು ಯಾರು ಎಂದು ನೀನು ಹುಡುಕುವುದಾದರೆ ಸಂಜೆ ಐದಕ್ಕೆ ನಿನ್ನ ಎದುರು ನಿಲ್ಲುವ ಆ ಐವರ ಮುಖ ನೋಡು. ನೀನು ರಜೆ ಹಾಕಿದ ದಿನ ಅವರಿಗೆ ಅಭ್ಯಾಸ ಸಪ್ಪೆಯಾಗುತ್ತದೆಯೇ? ಹೌದಾದರೆ ಗ್ಯಾಲರಿ ಏನು ಕೂಗಿದರೂ ನಿನಗೆ ನೋವಾಗಬೇಕಿಲ್ಲ.

ಇನ್ನು ಆ ಎರಡು ನಿಮಿಷದ ವಿಚಾರ.

ನಿಯಮ ಪುಸ್ತಕದಲ್ಲಿ ನನಗೆ ಬಹಳ ಇಷ್ಟವಾದ ಒಂದು ಸಾಲು ಇದೆ. ಫಿಬಾ ನಿಯಮದ ಪ್ರಕಾರ ಬದಲಿ ಆಟಗಾರನನ್ನು ಒಳಗೆ ಬಿಡಿ ಎಂದು ಕೋಚ್ ಹೋಗಿ ಕೇಳುವಂತಿಲ್ಲ. ಒಳಗೆ ಹೋಗಬೇಕಾದವನೇ ಸ್ಕೋರರ್ ಟೇಬಲ್ ಹತ್ತಿರ ಹೋಗಿ, ಕೈಸನ್ನೆ ಮಾಡಿ ಕೇಳಬೇಕು ಅಥವಾ ಅದಕ್ಕೆಂದು ಇಟ್ಟ ಕುರ್ಚಿಯ ಮೇಲೆ ಕೂರಬೇಕು. ಆ ಕ್ಷಣವೇ ಆಡಲು ತಯಾರಿರಬೇಕು. ಜಾಕೆಟ್ ಸಿಕ್ಕಿಹಾಕಿಕೊಂಡಿದೆ, ಲೇಸು ಬಿಚ್ಚಿದೆ ಎಂದರೆ ಆಗದು. ನೀನು ಕೇಳಿದ ಮೇಲೆ ಸ್ಕೋರರ್ ತನ್ನ ಹಾಳೆಯಲ್ಲಿ ನಿನ್ನ ನಂಬರಿನ ಪಕ್ಕ ಒಂದು ಸಣ್ಣ ಗುಣಿಸು ಗುರುತು ಹಾಕುತ್ತಾನೆ. ಶುರುವಿನಿಂದ ಆಡಿದ ಐವರ ಗುರುತಿನ ಸುತ್ತ ಒಂದು ವೃತ್ತ ಇರುತ್ತದೆ, ನಿನ್ನದಕ್ಕೆ ಇರುವುದಿಲ್ಲ. ವ್ಯತ್ಯಾಸ ಅಷ್ಟೇ. ನೀನು ಹತ್ತು ಸೆಕೆಂಡ್ ಆಡು, ಮೂವತ್ತು ನಿಮಿಷ ಆಡು, ಗುರುತು ಒಂದೇ.

ಆ ಟೇಬಲ್ಲಿಗೆ ಹೋಗುವ ಹೊತ್ತಿಗೆ ನಿನಗೆ ಏನೇನು ಗೊತ್ತಿರಬೇಕು? ಸ್ಕೋರು ಎಷ್ಟು, ಎಷ್ಟು ಸೆಕೆಂಡ್ ಉಳಿದಿದೆ, ಈ ಕ್ವಾರ್ಟರಿನಲ್ಲಿ ನಮ್ಮ ಟೀಮಿನ ಫೌಲ್ ಎಷ್ಟಾಗಿದೆ, ಚೆಂಡು ಯಾರದು, ನಾನು ಯಾರನ್ನು ಕಾಯಬೇಕು, ಅವನು ಯಾವ ಕೈಯವನು. ಬೆಂಚಿನಲ್ಲಿ ಮೊಬೈಲು ನೋಡುತ್ತಲೋ, ಪಕ್ಕದವನ ಜೊತೆ ಹರಟುತ್ತಲೋ ಕೂತವನಿಗೆ ಇದು ಗೊತ್ತಿರುವುದಿಲ್ಲ. ಒಳಗೆ ಹೋಗಿ ‘ಯಾರನ್ನ ಹಿಡೀಲಿ?’ ಎಂದು ಕೂಗಿ ಕೇಳುವ ಹುಡುಗನನ್ನು ಯಾವ ಕೋಚೂ ಎರಡು ಪಾಯಿಂಟಿನ ಮ್ಯಾಚಿನಲ್ಲಿ ಇಳಿಸುವುದಿಲ್ಲ. ಇಪ್ಪತ್ತು ಪಾಯಿಂಟಿನ ಮ್ಯಾಚಿನಲ್ಲೂ ಅವರು ನೋಡುವುದು ಇದನ್ನೇ, ನಿನ್ನ ಬಾಸ್ಕೆಟ್ಟನ್ನಲ್ಲ.

ಗ್ಯಾಲರಿ ‘ಶೂಟ್, ಶೂಟ್’ ಎನ್ನುತ್ತದೆ. ಅರ್ಧ ಕೋರ್ಟಿನಿಂದ ಎಸೆದರೆ ಇನ್ನೂ ಖುಷಿ. ಎಸೆಯಬೇಡ. ಅವತ್ತು ಎದುರಿಗೆ ಇರುವ ಹುಡುಗರು ಇಪ್ಪತ್ತು ಪಾಯಿಂಟ್ ಹಿಂದೆ ಬಿದ್ದು ತಲೆ ತಗ್ಗಿಸಿಕೊಂಡು ಆಡುತ್ತಿರುತ್ತಾರೆ. ಅವರೆದುರು ಹುಡುಗಾಟ ಆಡಿದರೆ ಅವರಿಗೂ ಅವಮಾನ, ಆಟಕ್ಕೂ ಅವಮಾನ. ಪಾಸು ಕೊಡುವ ಕಡೆ ಪಾಸು ಕೊಡು. ರಿಬೌಂಡ್‌ಗೆ ಬಾಕ್ಸ್ ಔಟ್ ಮಾಡು. ಖಾಲಿ ಸಿಕ್ಕರೆ, ಅದು ನಿನ್ನ ಜಾಗವಾಗಿದ್ದರೆ, ಯೋಚನೆ ಮಾಡದೆ ಶೂಟ್ ಮಾಡು. ತಪ್ಪಿದರೆ ನಗಬೇಡ. ತಪ್ಪಿದ ಶಾಟಿಗೆ ತಾನೇ ಮೊದಲು ನಕ್ಕುಬಿಡುವ ಹುಡುಗರನ್ನು ಬಹಳ ನೋಡಿದ್ದೇನೆ. ಜನ ನಗುವ ಮೊದಲು ನಾನೇ ನಕ್ಕರೆ ನೋವಾಗದು ಎಂಬ ಲೆಕ್ಕ ಅದು. ಒಂದೆರಡು ಸಲ ನಡೆಯುತ್ತದೆ. ಆಮೇಲೆ ಜನರಿಗೆ ನೀನು ಆಡುವುದಕ್ಕಿಂತ ನಗಿಸುವುದೇ ಬೇಕಾಗುತ್ತದೆ, ನಿನಗೂ ಅದೇ ಸಲೀಸೆನಿಸುತ್ತದೆ. ನನಗೆ ನಿನ್ನ ಬಗ್ಗೆ ಭಯ ಇರುವುದು ಇದೊಂದೇ.

ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ಹತ್ತಿರದ ಗ್ರೀಸ್ ಅಥೀನಾ ಹೈಸ್ಕೂಲಿನ ಜೇಸನ್ ಮೆಕೆಲ್ವೇನ್ ಕಥೆ ನೀನು ಕೇಳಿರಬಹುದು. ಆಟಿಸಂ ಇದ್ದ ಹುಡುಗ, ತಂಡದ ಮ್ಯಾನೇಜರ್. ನೀರು, ಟವೆಲ್ ಎಲ್ಲ ಅವನದೇ ಕೆಲಸ. 2006ರ ಫೆಬ್ರುವರಿ 15ರಂದು ಊರಿನ ಕೊನೆಯ ಪಂದ್ಯಕ್ಕೆ ಕೋಚ್ ಅವನಿಗೆ ಜೆರ್ಸಿ ತೊಡಿಸಿ, ನಾಲ್ಕು ನಿಮಿಷ ಇರುವಾಗ ಇಳಿಸಿದರು. ವಿದ್ಯಾರ್ಥಿಗಳು ಅವನ ಮುಖದ ಚಿತ್ರ ಹಿಡಿದು ಕೂಗುತ್ತಿದ್ದರು. ಅವನು ಆರು ಮೂರು-ಪಾಯಿಂಟರ್, ಒಂದು ಎರಡು-ಪಾಯಿಂಟರ್ ಸೇರಿ 20 ಪಾಯಿಂಟ್ ಹಾಕಿದ. ಎಲ್ಲರೂ ಆ ಇಪ್ಪತ್ತನ್ನು ಹೇಳುತ್ತಾರೆ. ಅವನ ಮೊದಲ ಎರಡು ಶಾಟ್ ತಪ್ಪಿದ್ದನ್ನು ನಾನು ಹೇಳುತ್ತೇನೆ. ಅಷ್ಟು ಜನ ಉಸಿರು ಬಿಗಿ ಹಿಡಿದು ನೋಡುತ್ತಿರುವಾಗ ಎರಡು ತಪ್ಪಿದ ಮೇಲೂ ಮೂರನೆಯದನ್ನು ಅದೇ ಕೈಯಿಂದ, ಅದೇ ಧೈರ್ಯದಿಂದ ಎತ್ತಿದ. ಅವನು ಅಲ್ಲಿ ಯಾರನ್ನೂ ನಗಿಸಲು ಹೋಗಿರಲಿಲ್ಲ, ಆಡಲು ಹೋಗಿದ್ದ.

‘ಕಾಯ್ತಾ ಇದ್ದರೆ ಒಂದಲ್ಲ ಒಂದು ದಿನ ಅವಕಾಶ ಸಿಗುತ್ತದೆ’ ಎಂದು ನಿನಗೆ ಎಲ್ಲರೂ ಹೇಳುತ್ತಿರಬಹುದು. ಕ್ರಿಕೆಟ್ಟಿನಿಂದ ನಮ್ಮ ಸೈಯದ್ ಕಿರ್ಮಾನಿಯವರ ಉದಾಹರಣೆಯನ್ನೂ ಕೊಡುತ್ತಾರೆ. ಕೊಡುವಂಥದ್ದೇ. 1971ರಲ್ಲಿ ಇಂಗ್ಲೆಂಡಿಗೆ ಹೋದಾಗ ಅವರಿಗೆ 21 ವರ್ಷ. ವಿಕೆಟ್ ಹಿಂದೆ ಫಾರೂಕ್ ಎಂಜಿನಿಯರ್. 1974ರಲ್ಲಿ ಮತ್ತೆ ಇಂಗ್ಲೆಂಡ್, ಮತ್ತೆ ಎಂಜಿನಿಯರ್. ಮೊದಲ ಟೆಸ್ಟ್ ಸಿಕ್ಕಿದ್ದು 1976ರ ಜನವರಿಯಲ್ಲಿ, ಆಕ್ಲೆಂಡಿನಲ್ಲಿ. ಎರಡನೆಯ ಟೆಸ್ಟಿನಲ್ಲೇ, ಕ್ರೈಸ್ಟ್‌ಚರ್ಚ್‌ನಲ್ಲಿ ಒಂದೇ ಇನ್ನಿಂಗ್ಸ್‌ನಲ್ಲಿ ಆರು ಜನರನ್ನು ಔಟ್ ಮಾಡಿ ಆಗಿನ ವಿಶ್ವದಾಖಲೆಗೆ ಸಮನಾದರು. ಆಮೇಲೆ ಒಟ್ಟು 88 ಟೆಸ್ಟ್. ಆ ಐದು ವರ್ಷ ನೆಟ್ಸ್‌ನಲ್ಲಿ ಪ್ರಸನ್ನ, ಚಂದ್ರಶೇಖರ್ ಎಸೆದ ಚೆಂಡುಗಳನ್ನು ಹಿಡಿಯುತ್ತಲೇ ಇದ್ದ ಕೈ ಅದು, ಕ್ರೈಸ್ಟ್‌ಚರ್ಚ್‌ನಲ್ಲಿ ಹೊಸದಾಗಿ ಕಲಿಯಬೇಕಾದದ್ದು ಏನೂ ಇರಲಿಲ್ಲ.

ಆದರೆ ಕಿರ್ಮಾನಿಯವರ ಕಥೆ ಹೇಳಿ ನಿಲ್ಲಿಸಿದರೆ ನಿನಗೆ ಅರ್ಧ ಸತ್ಯ ಹೇಳಿದ ಹಾಗಾಗುತ್ತದೆ. ರಾಜಿಂದರ್ ಗೋಯಲ್ ಅವರ ಕಥೆಯೂ ನಿನಗೆ ಗೊತ್ತಿರಲಿ. ಹರಿಯಾಣದ ಎಡಗೈ ಸ್ಪಿನ್ನರ್. 1974ರ ನವೆಂಬರ್‌ನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಅಲ್ಲಿಯ ಮೊಟ್ಟಮೊದಲ ಟೆಸ್ಟ್. ಬಿಷನ್ ಸಿಂಗ್ ಬೇಡಿಯವರನ್ನು ಶಿಸ್ತಿನ ಕಾರಣಕ್ಕೆ ಕೈಬಿಟ್ಟಿದ್ದರು, ಗೋಯಲ್‌ಗೆ ಕರೆ ಬಂದಿತ್ತು. ಆಗ ಅವರಿಗೆ 32. ಪಂದ್ಯದ ಬೆಳಗ್ಗೆ ಹನ್ನೊಂದರ ಪಟ್ಟಿಯಲ್ಲಿ ಪ್ರಸನ್ನ, ಚಂದ್ರಶೇಖರ್, ವೆಂಕಟರಾಘವನ್ ಇದ್ದರು, ಗೋಯಲ್ ಇರಲಿಲ್ಲ. ವಿವ್ ರಿಚರ್ಡ್ಸ್, ಗಾರ್ಡನ್ ಗ್ರೀನಿಜ್ ಇಬ್ಬರೂ ಅದೇ ಪಂದ್ಯದಲ್ಲಿ ತಮ್ಮ ಮೊದಲ ಟೆಸ್ಟ್ ಆಡಿದರು. ಗೋಯಲ್ ಅದನ್ನು ಹೊರಗಿನಿಂದ ನೋಡಿದರು. ಆಮೇಲೆ ಬೇಡಿ ಮರಳಿದರು. ಗೋಯಲ್‌ಗೆ ಟೆಸ್ಟ್ ಎಂದೂ ಸಿಗಲಿಲ್ಲ.

ನೀನಿರುವ ರಾಜ್ಯದವರೇ ಆದ ಮುಂಬೈನ ಪದ್ಮಾಕರ ಶಿವಾಳ್ಕರ್ ಅವರದೂ ಅದೇ ಕಥೆ. 1972–73ರ ರಣಜಿ ಫೈನಲ್‌ನಲ್ಲಿ ಚೆಪಾಕ್‌ನಲ್ಲಿ ತಮಿಳುನಾಡಿನ ಎದುರು 16 ರನ್ನಿಗೆ 8 ವಿಕೆಟ್ ತೆಗೆದವರು. ಅವರಿಗೂ ಟೆಸ್ಟ್ ಇಲ್ಲ. ಇನ್ನು 1983ರ ವಿಶ್ವಕಪ್ ಗೆದ್ದ ಹದಿನಾಲ್ಕು ಜನರಲ್ಲಿ ಒಂದೂ ಪಂದ್ಯ ಆಡದವರು ಸುನಿಲ್ ವಾಲ್ಸನ್ ಒಬ್ಬರೇ. ಕಿರ್ಮಾನಿ, ರೋಜರ್ ಬಿನ್ನಿ ಹೆಸರಿನ ಜೊತೆಗೇ ಅವರ ಹೆಸರೂ ಆ ಪಟ್ಟಿಯಲ್ಲಿದೆ. ಮುನ್ನೂರು ಹೊಡೆದವರಿಗೂ ಬೆಂಚು ತಪ್ಪಿದ್ದಲ್ಲ: ಕರುಣ್ ನಾಯರ್ 2016ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ಔಟಾಗದೆ 303 ಹೊಡೆದು, ಮುಂದಿನ ಟೆಸ್ಟಿಗೇ ಹೊರಗೆ ಕೂತರು. 2018ರಲ್ಲಿ ಇಂಗ್ಲೆಂಡಿನಲ್ಲಿ ತಂಡದ ಜೊತೆಗಿದ್ದೂ ಒಂದೂ ಟೆಸ್ಟ್ ಆಡಲಿಲ್ಲ. ಸರಣಿಯ ನಡುವೆ ಬಂದು ಸೇರಿದ ಹನುಮ ವಿಹಾರಿ ಓವಲ್‌ನಲ್ಲಿ ಆಡಿದರು. ಆ ಸರಣಿಯ ನಂತರ ಕರುಣ್‌ಗೆ ಟೆಸ್ಟ್ ಸಿಕ್ಕಿದ್ದು 2025ರಲ್ಲಿ.

ಆದ್ದರಿಂದ ನಿನಗೆ ಅವಕಾಶ ಸಿಕ್ಕೇ ಸಿಗುತ್ತದೆ ಎಂದು ನಾನು ಹೇಳುವುದಿಲ್ಲ. ನಿನ್ನ ಮುಂದೆ ಆಡುತ್ತಿರುವ ಇಬ್ಬರು ಗಾರ್ಡ್‌ಗಳು ನಿನಗಿಂತ ಚುರುಕಾಗಿದ್ದಾರೆ ಎಂದು ನೀನೇ ಬರೆದಿದ್ದೀಯ. ಅವರು ಇನ್ನೂ ಎರಡು ವರ್ಷ ಅಲ್ಲೇ ಇರುತ್ತಾರೆ. ಕೊನೆಯ ವರ್ಷದವರೆಗೂ ನೀನು ಹನ್ನೆರಡನೆಯವನಾಗಿಯೇ ಉಳಿಯಬಹುದು. ಯೂನಿವರ್ಸಿಟಿ ಟೀಮಿಗೆ ಆಯ್ಕೆಯಾಗದೆಯೂ ಇರಬಹುದು.

ಹಾಗೆಂದು ಕೈಕಟ್ಟಿ ಕೂರು ಎಂದಲ್ಲ. ಒಂದು ದಿನ ಅಭ್ಯಾಸ ಮುಗಿದ ಮೇಲೆ, ಉಳಿದವರು ಹೋದ ನಂತರ, ನಿಮ್ಮ ಪಿ.ಡಿ. ಸರ್ ಹತ್ತಿರ ಹೋಗಿ ನೇರವಾಗಿ ಕೇಳು: ‘ಸರ್, ನನಗೆ ಟೈಮ್ ಸಿಗಬೇಕಾದರೆ ಯಾವುದು ಸುಧಾರಿಸಬೇಕು?’ ಯಾಕೆ ಇಳಿಸುತ್ತಿಲ್ಲ ಎಂದು ಕೇಳಬೇಡ, ಅದು ಜಗಳದ ಪ್ರಶ್ನೆ. ಏನು ಸುಧಾರಿಸಬೇಕು ಎಂದರೆ ಯಾವ ಮೇಷ್ಟ್ರೂ ಉತ್ತರ ಕೊಡದೆ ಇರಲಾರ. ಅಂಥ ಪ್ರಶ್ನೆ ಕೇಳುವ ಹುಡುಗರು ನಮಗೆ ಸಿಗುವುದು ಅಪರೂಪ. ಗ್ಯಾಲರಿಯ ಕೂಗಿನಲ್ಲಿ ನಿನ್ನ ಊರು, ಮಾತು, ಮೈಬಣ್ಣ ಹಿಡಿದು ಚುಚ್ಚುವ ಮಾತು ಬಂದರೆ ಅದನ್ನು ನುಂಗಬೇಡ. ಕ್ಯಾಪ್ಟನ್‌ಗೆ ಹೇಳು. ಒಳ್ಳೆಯ ಕ್ಯಾಪ್ಟನ್ ಗ್ಯಾಲರಿಯತ್ತ ತಿರುಗಿ ಒಮ್ಮೆ ಕೈ ತೋರಿಸಿದರೆ ಸಾಕು, ನಿಲ್ಲುತ್ತದೆ. ಓದು, ಅಟೆಂಡೆನ್ಸ್ ಬಗ್ಗೆ ನಿಮ್ಮ ಅಮ್ಮ ಹೇಳುತ್ತಾಳೆ, ನಾನು ಮತ್ತೆ ಹೇಳುವುದಿಲ್ಲ.

ಗೋಯಲ್ ಕಥೆಯಲ್ಲಿ ಇನ್ನೂ ಒಂದು ಭಾಗ ಉಳಿದಿದೆ. ಬೆಂಗಳೂರಿನಿಂದ ಅವರು ಹರಿಯಾಣಕ್ಕೆ ಹೋಗಿ ಮತ್ತೆ ಬೌಲಿಂಗಿಗೆ ನಿಂತರು. ಖಾಲಿ ಸ್ಟ್ಯಾಂಡುಗಳ ಮುಂದೆ, ಊರೂರಿನ ಮೈದಾನಗಳಲ್ಲಿ, ಇನ್ನೂ ಹತ್ತು ವರ್ಷ. 1984–85ರಲ್ಲಿ ಬಿಡುವಾಗ ವಯಸ್ಸು 42, ರಣಜಿ ಟ್ರೋಫಿಯಲ್ಲಿ 637 ವಿಕೆಟ್. ಆ ದಾಖಲೆಯನ್ನು ಇಂದಿಗೂ ಯಾರೂ ಮುಟ್ಟಿಲ್ಲ. ಸುನಿಲ್ ಗಾವಸ್ಕರ್ ತಾವು ಮೆಚ್ಚಿದ ಆಟಗಾರರ ಬಗ್ಗೆ ಪುಸ್ತಕ ಬರೆದಾಗ ಗೋಯಲ್, ಶಿವಾಳ್ಕರ್ ಇಬ್ಬರಿಗೂ ಅದರಲ್ಲಿ ಜಾಗ ಕೊಟ್ಟರು. ಒಂದು ತಂಡದ ಬೆಂಚಿನಲ್ಲಿ ಕೂತ ಮಾತ್ರಕ್ಕೆ ಗೋಯಲ್ ಆಟದಿಂದಲೇ ಎದ್ದುಹೋಗಲಿಲ್ಲ. ಆಡಲು ಇನ್ನೊಂದು ಮೈದಾನವಿತ್ತು, ಅಲ್ಲಿ ಅವರೇ ಮೊದಲ ಬೌಲರ್.

ನಿನಗೂ ಬೇಕಾದದ್ದು ಅಂಥ ಇನ್ನೊಂದು ಕೋರ್ಟು. ಕಾಲೇಜಿನ ಮ್ಯಾಚಿನಲ್ಲಿ ಎರಡು ನಿಮಿಷ ಆಡುವವನ ಕೈಗೆ ಆಟ ಹತ್ತುವುದಿಲ್ಲ. ಎಷ್ಟೇ ಅಭ್ಯಾಸ ಮಾಡಿದರೂ, ಮೂರನೇ ಕ್ವಾರ್ಟರಿನಲ್ಲಿ ಕಾಲು ಸೋತಾಗ ಫ್ರೀ ಥ್ರೋ ಹಾಕುವುದು ಹೇಗೆಂದು ಬೆಂಚಿನಲ್ಲಿ ಕೂತು ಕಲಿಯಲಾಗದು. ನೀನೀಗ ಇರುವ ಊರಿನ ಕೋರ್ಟುಗಳಲ್ಲಿ ಬೆಳಗ್ಗೆ ದೊಡ್ಡವರು ಆಡುತ್ತಿರುತ್ತಾರೆ: ಬ್ಯಾಂಕಿನವರು, ಪೊಲೀಸರು, ಹಳೆಯ ಯೂನಿವರ್ಸಿಟಿ ಆಟಗಾರರು. ಒಬ್ಬ ಕಡಿಮೆ ಬಿದ್ದರೆ ಕರೆದು ನಿಲ್ಲಿಸಿಕೊಳ್ಳುತ್ತಾರೆ. ಭಾನುವಾರ ಅಲ್ಲಿಗೆ ಹೋಗು. ಬೇಸಿಗೆ ರಜೆಗೆ ಊರಿಗೆ ಬಂದಾಗ ಇಲ್ಲಿಯ ಹೊನಲು ಬೆಳಕಿನ ಪಂದ್ಯಾವಳಿಗೆ ನಮ್ಮ ಹಳೆಯ ಹುಡುಗರ ತಂಡವೊಂದು ಹೆಸರು ಕೊಡುತ್ತದೆ. ಅವರಿಗೆ ಗಾರ್ಡ್ ಇಲ್ಲ, ಇದ್ದವನಿಗೆ ಮಂಡಿ ನೋವು. ನಿನ್ನ ಹೆಸರು ಹೇಳಿದ್ದೇನೆ. ನಲವತ್ತು ನಿಮಿಷವೂ ನೀನೇ ಆಡಬೇಕಾಗುತ್ತದೆ, ಬದಲಿಗೆ ಯಾರೂ ಇರುವುದಿಲ್ಲ. ಅದಕ್ಕೆ ಬೇಕಾದ ಓಟ ಈಗಿನಿಂದಲೇ ಶುರು ಮಾಡು.